ಸೋಮವಾರದ ಮಿಸ್ ಕಾಲ್

ಫೋನಿನ ಕೆಳಗಿನ ಸಣ್ಣ ತೂತುಗಳಲ್ಲಿ ಸೇರಿಕೊಂಡಿದ್ದ ಜೋಳದ ಹಿಟ್ಟನ್ನು ದಾಕ್ಷಾಯಿಣಿ ಕಸಬರಿಗೆಯ ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದಳು. ಕಡ್ಡಿಯ ತುದಿ ಹಾಕುವಳು, ಮೆಲ್ಲಗೆ ತಿರುವುವಳು, ಹೊರಗೆ ತೆಗೆದು ಊದುವಳು. ಒಲೆಯ ಆಚೆ ಕುಳಿತಿದ್ದ ಅವ್ವ ಶರಣವ್ವ ಆರಿದ ರೊಟ್ಟಿಗಳನ್ನು ಒಂದರ ಮೇಲೊಂದು ಹೊಂದಿಸುತ್ತಿದ್ದಳು. ಹಂಚು ತಣ್ಣಗಾಗುತ್ತಿತ್ತು.

ಫೋನಿನ ದನಿ ಹೊರಬೀಳುವ ತೂತು ಹಿಟ್ಟಿನಿಂದ ಕಟ್ಟಿಕೊಂಡಿದೆ ಎಂದು ದಾಕ್ಷಾಯಿಣಿ ತಿಳಿದಿದ್ದಳು. ಇಲ್ಲವಾದರೆ ಸೋಮವಾರ ಬರಬೇಕಾದ ರಿಂಗ್ ಯಾಕೆ ಬರುವುದಿಲ್ಲ? ಉಳಿದ ದಿನ ಖಾನಾವಳಿಯವರ ಫೋನು ಬರುತ್ತಿತ್ತಲ್ಲ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೂ ಕೆದಕುತ್ತಿದ್ದಳು. ಬೇರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಹುಬ್ಬಳ್ಳಿಯ ಗೋಪನಕೊಪ್ಪದ ಆ ಮನೆಯಲ್ಲಿ ಬೆಳಗಾದರೆ ರೊಟ್ಟಿ ಬಡಿಯುವ ಸಪ್ಪಳ. ಖಾನಾವಳಿಗೆ ಮೆತ್ತನೆಯವು, ಮದುವೆ ಮನೆಗೆ, ಅಂಗಡಿಗೆ ಖಡಕ್ ರೊಟ್ಟಿ. ಬಡಿಯುವವರು ತಾಯಿ ಮಗಳು ಇಬ್ಬರೇ. ದಾಕ್ಷಾಯಿಣಿ ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟವಳು. ಪರರ ಮುಂದೆ ಅವಳ ಬಾಯಿ ತೆರೆಯುತ್ತಿರಲಿಲ್ಲ. ಬಂದವರು ಚಪ್ಪಲಿ ಎಲ್ಲಿ ಬಿಟ್ಟರು, ಯಾವ ಕೈಯಲ್ಲಿ ಚೀಲ ಹಿಡಿದಿದ್ದರು ಎಂಬುದು ಮಾತ್ರ ಅವಳಿಗೆ ತಪ್ಪುತ್ತಿರಲಿಲ್ಲ.

ಮೊದಲು ಅವರ ಹತ್ತಿರ ಗುಂಡಿ ಫೋನು ಇತ್ತು. ಕೈ ತುಂಬ ಹಿಟ್ಟಿದ್ದರೂ ಬೆರಳಿನ ಗೆಣ್ಣಿನಿಂದ ಹಸಿರು ಗುಂಡಿ ಒತ್ತಿದರೆ ಸಾಕು. ಕಿವಿಗೂ ಹೆಗಲಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು, ರೊಟ್ಟಿ ಬಡಿಯುತ್ತಲೇ ಆರ್ಡರ್ ಕೇಳಬಹುದಿತ್ತು. ಬಿದ್ದು ಬಿದ್ದು ಅದರ ಬೆನ್ನು ಬಿಚ್ಚಿಕೊಂಡಾಗ ಶರಣವ್ವ ರಬ್ಬರ್ ಹಾಕಿ ಬಿಗಿದಿದ್ದಳು. ಆಮೇಲೂ ಅದು ಮಾತಾಡುತ್ತಿತ್ತು.

ಅಮರಗೋಳದ ಮಾರ್ಕೆಟ್ಟಿನಲ್ಲಿ ಕಾಳಿನ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದ ಅಣ್ಣ ಗುರುಪಾದ ಹೊಸ ಫೋನು ತಂದ. ಮುಂದೆಲ್ಲ ಗಾಜು, ಹಿಂದೆಯೂ ಗಾಜು. ಒತ್ತುವುದಕ್ಕೆ ಒಂದು ಉಬ್ಬು ಕೂಡ ಇಲ್ಲ.

"ಹೆಬ್ಬಟ್ಟು ಇಡವಾ ಇದರ ಮ್ಯಾಲೆ. ನಿನ್ನ ಗುರುತು ಹಿಡಕೊಂಡು ತಾನ ತೆಗೀತದ," ಅಂದ.

ಶರಣವ್ವ ಇಟ್ಟಳು. ಫೋನು ನಡುಗಿ, ಆಗಲಿಲ್ಲ ಅಂದಿತು.

"ಇನ್ನೊಮ್ಮೆ ಇಡು. ಸರಿಯಾಗಿ ಒರಿಸ್ಕೊಂಡು ಇಡು."

"ಇಟ್ಟೇನಲ್ಲೋ."

"ನಿನ್ನ ಬಟ್ಟಿನಾಗ ಗೆರೀನ ಇಲ್ಲ ಬಿಡವಾ."

"ಗೆರಿ ಎಲ್ಲಾ ಹಂಚಿಗೆ ಹತ್ಯಾವ. ಅದಕ್ಕ ಗುರುತು ಬೇಕಾಗಿದ್ರ ಹಂಚಿನ ಮ್ಯಾಲೆ ಹೋಗಿ ಕೂಡ್ಲಿ," ಎಂದು ಶರಣವ್ವ ಹಿಟ್ಟಿನ ಕಡೆ ತಿರುಗಿದಳು.

ಮರುದಿನವೇ ಓಣಿಯಲ್ಲಿ, "ಹಳೇ ಮೊಬೈಲ್, ಕೆಟ್ಟ ಮೊಬೈಲ್ ಕೊಡ್ರೀ, ಬುಟ್ಟಿ ತಗೊಳ್ರೀ," ಎಂದು ಕೂಗುತ್ತಾ ಸೈಕಲ್ಲಿನವನು ಬಂದ. ಶರಣವ್ವ ಗುಂಡಿ ಫೋನು ಕೊಟ್ಟು ದೊಡ್ಡದೊಂದು ನೀಲಿ ಬುಟ್ಟಿ ತೆಗೆದುಕೊಂಡಳು. ನಂಬರುಗಳೆಲ್ಲ ಆ ಫೋನಿನ ಹೊಟ್ಟೆಯಲ್ಲಿದ್ದವು, ಸಿಮ್ಮಿನಲ್ಲಿ ಇರಲಿಲ್ಲ ಎಂಬುದು ಗೊತ್ತಾಗುವಷ್ಟರಲ್ಲಿ ಸೈಕಲ್ಲು ಓಣಿ ದಾಟಿತ್ತು. ಖಾನಾವಳಿಯವರ ನಂಬರು ಗುರುಪಾದ ಮತ್ತೆ ಕೇಳಿ ಹಾಕಿಕೊಟ್ಟ. ಹಳೆಯ ಫೋನಿನಲ್ಲಿ 'ಬ್ಲೌಜ್' ಎಂಬ ಹೆಸರಿನಲ್ಲಿ ಇನ್ನೊಂದು ನಂಬರು ಇತ್ತು. ಅದು ಗುರುಪಾದನಿಗೆ ಗೊತ್ತಿರಲಿಲ್ಲ. ದಾಕ್ಷಾಯಿಣಿಗೆ ಗೊತ್ತಿತ್ತು, ಬಾಯಿಪಾಠ ಇರಲಿಲ್ಲ.

ಅದು ಮುಗದ ಎಂಬ ಹಳ್ಳಿಯ ಮೈಮುನಾಳ ನಂಬರು. ಮೈಮುನಾ ಬಟ್ಟೆ ಹೊಲಿಯುವವಳು. ದಾಕ್ಷಾಯಿಣಿಯ ಅಕ್ಕ ರಾಜೇಶ್ವರಿಯನ್ನು ಮುಗದಕ್ಕೆ ಕೊಟ್ಟಿದ್ದರು. ಅವಳ ಮನೆಗೂ ಮೈಮುನಾಳ ಮನೆಗೂ ಒಂದೇ ಗೋಡೆ. ರಾಜೇಶ್ವರಿಯ ಗಂಡನಿಗೆ ಸಿಟ್ಟು ಬಂದರೆ ಕೈ ಏಳುತ್ತಿತ್ತು. ಅತ್ತೆ ಅವಳ ಕೈಗೆ ಫೋನು ಕೊಡುತ್ತಿರಲಿಲ್ಲ. ಒಮ್ಮೆ ಬಾತ ಮುಂಗೈ ಹೊತ್ತು ತವರಿಗೆ ಬಂದಿದ್ದಾಗ ಶರಣವ್ವ ಎಣ್ಣೆ ಹಚ್ಚಿ ತಿಕ್ಕಿ, "ಹೊಂದ್ಕೊಂಡು ಹೋಗಬೇಕವಾ," ಎಂದು ಒಂದು ಗಂಟು ರೊಟ್ಟಿ ಕಟ್ಟಿಕೊಟ್ಟು ಕಳಿಸಿದ್ದಳು.

ಹೋಗುವ ಮುಂಚೆ ಹಿತ್ತಲಲ್ಲಿ ಅಕ್ಕ ತಂಗಿ ಒಂದು ಮಾತು ಮಾಡಿಕೊಂಡರು. ಸೋಮವಾರ ಮಧ್ಯಾಹ್ನ ಅವ್ವ ಮಠಕ್ಕೆ ಹೋಗುತ್ತಾಳೆ, ದಾಕ್ಷಾಯಿಣಿ ಒಬ್ಬಳೇ ಇರುತ್ತಾಳೆ. ಆಗ ಬ್ಲೌಜಿನ ನೆಪ ಮಾಡಿ ರಾಜೇಶ್ವರಿ ಮೈಮುನಾಳ ಮನೆಗೆ ಹೋಗಿ ಒಂದು ಮಿಸ್ ಕಾಲ್ ಕೊಡುತ್ತಾಳೆ.

"ಮಾತಾಡಿದ್ರ ಗ್ವಾಡಿ ಆ ಕಡೆ ಅತ್ತಿಗೆ ಕೇಳ್ತದ. ಒಂದ ಸಲ ರಿಂಗ್ ಆತಂದ್ರ ನಾ ಅರಾಮ ಅದೇನಿ ಅಂತ ತಿಳಕೋ. ಒಂದರ ಬೆನ್ನಿಗೆ ಒಂದು ಎರಡು ಬಂದ್ವು ಅಂದ್ರ..."

"ಅಂದ್ರ?"

"ಮುಗದದ ರೈಲು ಸ್ಟೇಶನ್ನಿಗೆ ಬಂದು ಕರಕೊಂಡು ಹೋಗು. ನಾ ಅಲ್ಲೇ ಇರ್ತೇನಿ. ನೀ ಮಾತ್ರ ತಿರುಗಿ ಫೋನ್ ಹಚ್ಚಬ್ಯಾಡ, ಆ ಹೊತ್ತಿನ್ಯಾಗ ಅತ್ತಿ ಅಲ್ಲೇ ಕುಂತಿದ್ರ ನನ್ನ ಗತಿ ಮುಗೀತು."

"ಬರ್ತೇನಿ," ಅಂದಿದ್ದಳು ದಾಕ್ಷಾಯಿಣಿ. ಒಬ್ಬಳೇ ರೈಲು ಹತ್ತಿದವಳಲ್ಲ. ಆದರೂ ಅಂದಿದ್ದಳು.

ಗುಂಡಿ ಫೋನು ಇರುವ ತನಕ ಪ್ರತಿ ಸೋಮವಾರ ಒಂದು ರಿಂಗ್ ಬಂದು ನಿಲ್ಲುತ್ತಿತ್ತು. ದಾಕ್ಷಾಯಿಣಿ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ಕಾಯುವಳು. ಇನ್ನೊಂದು ಬರದಿದ್ದರೆ ಬಡಿಯಲು ತೊಡಗುವಳು.

ಹೊಸ ಫೋನು ಬಂದ ಮೇಲಿನ ಮೊದಲ ಸೋಮವಾರವೂ ರಿಂಗ್ ಬಂತು. ಒಂದೇ. ಅಕ್ಕ ಅರಾಮ ಇದ್ದಾಳೆ. ಆದರೆ ಈ ಫೋನು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಗಾಜಿನ ತುಂಬ ಇಂಗ್ಲಿಷಿನಲ್ಲಿ ಏನೋ ಬರೆದು, ಕೆಳಗೆ ಒಂದರ ಪಕ್ಕ ಒಂದು ಎರಡು ಪಟ್ಟಿ ತೋರಿಸಿತು. ಅದು ಹೋಗಲಿ ಎಂದು ಅವಳು ಗೆಣ್ಣಿನಿಂದ ಒತ್ತಿದಳು. ಹೋಗಲಿಲ್ಲ. ಗೆಣ್ಣನ್ನು ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಬರೆದದ್ದು ಹೋಯಿತು. ಗಾಜು ಕಪ್ಪಾಯಿತು. ರೊಟ್ಟಿ ಸೀಯುತ್ತಿತ್ತು, ತಿರುವಿ ಹಾಕಿದಳು.

ಮುಂದಿನ ಸೋಮವಾರ ರಿಂಗ್ ಬರಲಿಲ್ಲ. ಭತ್ತದ ಗದ್ದೆಯಲ್ಲಿ ಕಳೆ ತೆಗೆಯಲು ಹೋಗಿರಬೇಕು ಅಂದುಕೊಂಡಳು. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಆಗ ಧೈರ್ಯ ಮಾಡಿ, ಸೆರಗಿನಲ್ಲಿ ಫೋನು ಸುತ್ತಿಕೊಂಡು, ಸರ್ಕಲ್ಲಿನ ಹತ್ತಿರ ಇದ್ದ ಅಸದನ ಮೊಬೈಲ್ ಅಂಗಡಿಗೆ ಹೋದಳು.

"ಅಸದಣ್ಣಾ, ಗುಂಡಿ ಇರೋ ಫೋನ್ ಅದಾವೇನ್ರಿ?" ಎಂದು ಕೇಳಿದಾಗ ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು.

"ಗುಂಡಿ ಬೇಕಾದ್ರ ಟೇಲರ್ ಅಂಗಡಿಗೆ ಹೋಗಬೇಕು ತಂಗಿ," ಅಂದ ಅಸದ. ಅವಳ ಮುಖ ನೋಡಿ ನಗು ನಿಲ್ಲಿಸಿ, "ಇದಕ್ಕೇನಾಗೇದ? ಛಲೋ ಫೋನ್ ಐತಲ್ಲ," ಅಂದ.

"ಒದ್ದಿ ಕೈಗೆ ಏಳೂದಿಲ್ರಿ. ಹಿಟ್ಟಿನ ಕೈಗೂ ಏಳೂದಿಲ್ಲ."

"ಕಂಪನ್ಯಾವ್ರು ನಿಮ್ಮ ಒಲಿ ಮುಂದ ಕುಂತು ಮಾಡ್ಯಾರೇನು? ಏಸಿ ಹಚ್ಕೊಂಡು ಕುಂತು ಮಾಡ್ತಾರ. ಅವರ ಕೈ ಯಾವಾಗ್ಲೂ ಒಣಾ ಇರ್ತಾವ." ಫೋನು ತಿರುವಿ ನೋಡಿದ. "ಬ್ಯಾಟರಿ ಬಿಚ್ಚಿ ಹಾಕೋಣಂದ್ರ ಇದರ ಬೆನ್ನು ಬಿಚ್ಚೂದಿಲ್ಲ, ಅಂಟು ಹಚ್ಚಿ ಕಳಿಸ್ತಾರ. ಕನ್ನಡ ಮಾಡಿಕೊಡ್ಲೇನು? ಓದಾಕರ ಬರ್ತೈತಿ."

ಮಾಡಿಕೊಟ್ಟ. ಅವಳು ಅಲ್ಲೇ ನಿಂತು ಅಕ್ಷರ ಕೂಡಿಸಿ ಓದಿದಳು. ಅನುಮತಿಸಿ. ನಿರ್ಬಂಧಿಸಿ. ಅನಪೇಕ್ಷಿತ.

"ಇವು ಏನಂದಂಗ್ರಿ?"

ಅಸದ ಇಣುಕಿ ನೋಡಿ ತಲೆ ಕೆರೆದುಕೊಂಡ. "ಯಾರಿಗ್ಗೊತ್ತವಾ. ಇಂಗ್ಲೀಷ ಇರ್ಲಿ ಬಿಡು, ಅದಾದ್ರ ಎಲ್ಲಾರಿಗೂ ರೂಢಿ." ಮೊದಲಿನ ಹಾಗೆ ಮಾಡಿ ಕೊಟ್ಟ.

ಸೋಮವಾರದ ವಿಷಯ ಅವಳು ಅವನಿಗೆ ಹೇಳಲಿಲ್ಲ. ಹೇಗೆ ಹೇಳುವುದು?

ಹೀಗೆ ಮತ್ತೊಂದು ಸೋಮವಾರ ಕಳೆದ ಮೇಲೆ ಅವಳು ಕಸಬರಿಗೆಯ ಕಡ್ಡಿ ಹಿಡಿದು ಕುಳಿತಿದ್ದಳು. ಆ ಹೊತ್ತಿಗೆ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟರು. ಬಲಗೈಯಲ್ಲಿ ಲೈನಿಂಗ್ ಬಟ್ಟೆಯ ಚೀಲ. ಮೈಮುನಾ.

ಹುಬ್ಬಳ್ಳಿಯ ಪೇಟೆಗೆ ಬಂದವಳು ಮನೆ ಕೇಳಿಕೊಂಡು ಬಂದಿದ್ದಳು. ಶರಣವ್ವ ಚಾಪೆ ಹಾಸಿದಳು, ನೀರು ಕೊಟ್ಟಳು. ಮೈಮುನಾ ನೀರು ಕುಡಿಯಲಿಲ್ಲ. ಲೋಟ ಹಿಡಿದು ದಾಕ್ಷಾಯಿಣಿಯ ಕಡೆಗೇ ನೋಡಿದಳು.

"ಯಾಕ ಬರ್ಲಿಲ್ಲ ತಂಗಿ?"

ದಾಕ್ಷಾಯಿಣಿ ಕಡ್ಡಿಯನ್ನು ಕೆಳಗಿಟ್ಟಳು.

"ಹೋದ ಸೋಮವಾರ ನನ್ನ ಮುಂದನ ಎರಡು ಸಲ ಹಚ್ಚಿದ್ಲು. ಒಂದರ ಬೆನ್ನಿಗೆ ಒಂದು. ಆಮ್ಯಾಲೆ ಚೀಲಾ ತಗೊಂಡು ಹಿತ್ತಲದಿಂದ ಸ್ಟೇಶನ್ನಿಗೆ ಹೋದ್ಲು. ಸಂಜಿ ಗಾಡಿ ಬಂದು ಹೋಗೂತನಕ ಕಲ್ಲಿನ ಮ್ಯಾಲೆ ಕುಂತಿದ್ಲಂತ. ಓಣ್ಯಾಗಿನವರು ಯಾರೋ ನೋಡಿ ಮನ್ಯಾಗ ಹೇಳಿದ್ರು. ಗಂಡ ಬಂದು ಕರಕೊಂಡು ಹೋದ."

"ಹೊಡದನೇನು?" ಶರಣವ್ವ ಕೇಳಿದಳು.

"ಹೊಡದಿದ್ರ ಸಪ್ಪಳಾ ಕೇಳ್ತಿತ್ತು ಅವ್ವಾರ. ಏನೂ ಕೇಳಲಿಲ್ಲ. ಅವತ್ತಿನಿಂದ ಆಕೀ ದನೀನೂ ಕೇಳಿಲ್ಲ."

"ಕಾಲ್ ಬಂದಿಲ್ಲ," ಅಂದಳು ದಾಕ್ಷಾಯಿಣಿ. ಫೋನನ್ನು ಮುಂದೆ ಹಿಡಿದಳು, ಅದೇ ಸಾಕ್ಷಿ ಎನ್ನುವ ಹಾಗೆ. "ತೂತಿನಾಗ ಹಿಟ್ಟು ಹೊಕ್ಕಿತ್ರಿ."

ಮೈಮುನಾ ತನ್ನ ಫೋನು ತೆಗೆದು ಅಲ್ಲೇ ಕುಳಿತು ಹಚ್ಚಿದಳು. ಅವಳ ಕಿವಿಯಲ್ಲಿ ಟ್ರಿಂಗ್ ಅಂದದ್ದು ಎಲ್ಲರಿಗೂ ಸಣ್ಣಗೆ ಕೇಳಿತು. ಚಾಪೆಯ ಮೇಲಿದ್ದ ಗಾಜಿನ ಫೋನು ಕಪ್ಪಗೆ ಬಿದ್ದುಕೊಂಡಿತ್ತು. ನಡುಗಲಿಲ್ಲ, ಬೆಳಗಲಿಲ್ಲ. ಮೈಮುನಾ ಕತ್ತರಿಸಿ ಮತ್ತೆ ಹಚ್ಚಿದಳು. ಮತ್ತೆ ಅವಳ ಕಿವಿಯಲ್ಲಿ ಟ್ರಿಂಗ್, ಇಲ್ಲಿ ಏನೂ ಇಲ್ಲ. ಒಂದು ಮೊಳದ ಅಂತರ.

ಊಟಕ್ಕೆ ಬಂದ ಗುರುಪಾದ ಕೈ ತೊಳೆದು, ಒರೆಸಿ, ಫೋನು ತೆಗೆದು ಹುಡುಕಿದ.

"ಈ ನಂಬರ್ ಬಂದ್ ಮಾಡೀರಲ್ಲ ನೀವು. ಗೊತ್ತಿಲ್ಲದ ನಂಬರ್ ಬಂತಂದ್ರ ಬಂದ್ ಮಾಡ್ಲೇನು ಅಂತ ಫೋನ ಕೇಳ್ತದ. ಯಾರೋ ಹೂಂ ಅಂದೀರಿ."

"ಅದು ಕೇಳಿದ್ದು ಯಾರಿಗೆ ತಿಳೀಬೇಕೋ?" ಅಂದಳು ಶರಣವ್ವ.

"ಅದರಾಗ ಬರದಿರ್ತದವಾ."

"ಬರದಿರ್ತದ."

ದಾಕ್ಷಾಯಿಣಿ ತನ್ನ ಬೆರಳಿನ ಗೆಣ್ಣು ನೋಡಿಕೊಂಡಳು. ಅದರ ಮಡಿಕೆಯಲ್ಲಿ ಬೆಳಗಿನ ಹಿಟ್ಟು ಒಣಗಿ ಬಿಳಿ ಗೆರೆಯಾಗಿತ್ತು. ಅಳು ಬರಬಹುದು ಎಂದು ಕಾದಳು. ಬರಲಿಲ್ಲ. ಮೈಮುನಾ ಬಿಟ್ಟ ನೀರಿನ ಲೋಟವನ್ನು ಎತ್ತಿ ಒಳಗೆ ಇಟ್ಟು ಬಂದಳು.

"ನನಗ್ಯಾಕ ಹೇಳಲಿಲ್ಲ, ಹಿಂಗ ಮಾತು ಮಾಡ್ಕೊಂಡೀರಿ ಅಂತ?" ಮೈಮುನಾ ಹೋದ ಮೇಲೆ ಶರಣವ್ವ ಕೇಳಿದಳು.

"ಹೇಳಿದ್ರ ಹೊಂದ್ಕೊಂಡು ಹೋಗು ಅಂತಿದ್ದಿ."

ಶರಣವ್ವ ನೀಲಿ ಬುಟ್ಟಿ ಎಳೆದುಕೊಂಡು ಹಿಟ್ಟು ಸಾಣಿಸತೊಡಗಿದಳು. ಸಂಜೆಗೆ ಹಿಟ್ಟು ಬೇಕಿರಲಿಲ್ಲ.

ಮರುದಿನ ಗುರುಪಾದ ಕೆಲಸ ಬಿಟ್ಟು ಮುಗದಕ್ಕೆ ಹೋದ. ಕರೆದುಕೊಂಡೇ ಬರುತ್ತೇನೆ ಎಂದು ಗೆಳೆಯನ ಕಾರು ತೆಗೆದುಕೊಂಡು ಹೋಗಿದ್ದ. ಒಬ್ಬನೇ ಬಂದ.

"ಬರೂದಿಲ್ಲ ಅಂದ್ಲು. ಚಾ ಮಾಡಿ ಕೊಟ್ಲು. ಅವ್ವಗ, ದಾಕ್ಷಿಗೆ ಹೇಳು, ನಾ ಅರಾಮ ಅದೇನಿ ಅಂದ್ಲು."

"ಫೋನಿಂದು ಹೇಳಿದ್ಯೋ ಇಲ್ಲೋ?" ಶರಣವ್ವ ಕೇಳಿದಳು.

"ಹೇಳಿದೆ. ಫೋನ ತಾನ ಬಂದ್ ಮಾಡಿತ್ತು, ನಮಗ ಗೊತ್ತಾಗಿಲ್ಲ ಅಂದೆ. ಹೂಂ ಅಂದ್ಲು. ನಂಬಿದ್ಲೋ ಇಲ್ಲೋ." ಗುರುಪಾದ ಶರ್ಟಿನ ತೋಳು ಇಳಿಸಿದ. "ಫೋನ ತಾನ ಹೆಂಗ ಬಂದ್ ಮಾಡ್ತದ ಅಂತ ಆಕೀ ಅತ್ತಿ ನಕ್ಕಳು."

ಸೋಮವಾರ ಬಂತು. ಮೈಮುನಾಳ ನಂಬರನ್ನು ಗುರುಪಾದ ಬಿಡಿಸಿ, ಹೆಸರು ಹಾಕಿಕೊಟ್ಟಿದ್ದ. ಶರಣವ್ವ ಮಠಕ್ಕೆ ಹೋಗಲಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬೇಯಿಸುತ್ತಿದ್ದಳು. ದಾಕ್ಷಾಯಿಣಿ ಅರ್ಧಕ್ಕೇ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದಳು. ಉಗುರಿನ ಸಂದಿಯ ಹಿಟ್ಟು ತೆಗೆದಳು. ಒಣ ಟವೆಲ್ಲಿಗೆ ಬೆರಳು ಬೆರಳಿಗೂ ಒರೆಸಿಕೊಂಡು, ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಕೈ ಒಣಗಿತ್ತು, ಮುಟ್ಟಿದರೆ ಗಾಜು ಕೂಡಲೇ ಬೆಳಗುತ್ತಿತ್ತು.

ರಿಂಗ್ ಬರುವ ಹೊತ್ತು ಬಂದು ಹೋಯಿತು.

ತಿರುಗಿ ಹಚ್ಚಬೇಡ ಎಂದು ಅಕ್ಕ ಹೇಳಿದ್ದು ಅವಳಿಗೆ ನೆನಪಿತ್ತು. ಆದರೂ ಹಚ್ಚಿದಳು. ಮೈಮುನಾ ಎತ್ತಿದಳು. ಹಿಂದೆ ಹೊಲಿಗೆ ಮಿಷನ್ ಓಡುತ್ತಿತ್ತು, ನಿಂತಿತು.

"ನಿಮ್ಮಕ್ಕ ಬಂದಾಳ ತಂಗಿ," ಎಂದು ಮೈಮುನಾ ಸಣ್ಣ ದನಿಯಲ್ಲಿ ಅಂದಳು. "ಬ್ಲೌಜ್ ಒಯ್ಯಾಕ ಬಂದಾಳ. ತಡಿ, ಕೊಡ್ತೇನಿ."

ಆಮೇಲೆ ಬಳೆಯ ಸಪ್ಪಳ ಕೇಳಿತು. ಯಾರೋ ಫೋನು ಕಿವಿಗೆ ಹಿಡಿದಿದ್ದರು. ಉಸಿರು ಬಂದು ಹೋಗುತ್ತಿತ್ತು.

"ಅಕ್ಕಾ," ಅಂದಳು ದಾಕ್ಷಾಯಿಣಿ.

ಉಸಿರು ಬಂದು ಹೋಯಿತು.

"ಈಗ ನಂಬರ್ ಬಿಡಿಸೇವಿ. ಈಗ ಕೇಳ್ತದ. ಒಂದು ಕೊಟ್ರೂ ಕೇಳ್ತದ, ಎರಡು ಕೊಟ್ರೂ ಕೇಳ್ತದ."

ಶರಣವ್ವ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಬಿಟ್ಟು ಮಗಳ ಬಾಯಿ ನೋಡುತ್ತಿದ್ದಳು. ರೊಟ್ಟಿಯ ಅಂಚು ಕಪ್ಪಾಗತೊಡಗಿತು. ಮುಗದದಲ್ಲಿ ಹೊಲಿಗೆ ಮಿಷನ್ ಮತ್ತೆ ಓಡತೊಡಗಿತು. ಕರೆ ಇನ್ನೂ ಕಡಿದಿರಲಿಲ್ಲ. ದಾಕ್ಷಾಯಿಣಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಅಕ್ಕಾ, ಮುಂದಿನ ಸೋಮವಾರ ಒಂದು ಮಿಸ್ ಕಾಲ್ ಕೊಡು."