ಅರ್ಧ ಲಡಿ ನೇರಳೆ

ಸುಳ್ಳು ಹೇಳಿದರೂ ತನಗೆ ಏನೂ ಅನ್ನಿಸುತ್ತಿಲ್ಲವಲ್ಲ, ಅದೊಂದೇ ಬಿಬಿಯಾನಾಳ ಚಿಂತೆ. ಮೊದಲಾಗಿದ್ದರೆ ಕಿವಿ ಬಿಸಿಯಾಗುತ್ತಿತ್ತು. ಸಾಕಿ ಓದಿಸಿದ ಚಿಕ್ಕಪ್ಪ ಫಿಲೆಮೋನ್ ತೀರಿಕೊಂಡು ಎಂಟು ತಿಂಗಳು. ಅಂದಿನಿಂದ ಒಳಗೆ ಯಾರೋ ಬಾಗಿಲು ಹಾಕಿಕೊಂಡು ಕೂತಂತಿದೆ. ವಾಹಾಕಾ ಪಟ್ಟಣದ ಕಾಲೇಜು ಮುಗಿಸಿ ತನ್ನ ನೇಕಾರರ ಊರು ತೆಯೊಟಿಟ್ಲಾನ್‌ಗೆ ಮರಳಿದವಳು, ಕೇಳಿದ್ದಕ್ಕೆಲ್ಲ "ಹೂಂ" ಅನ್ನುತ್ತಾಳೆ, ಅಷ್ಟೆ.

ಹೋದ ಸೋಮವಾರವೂ ಅಂದಿದ್ದಳು. ಚಿಕ್ಕಮ್ಮ ಒತಿಲಿಯಾಳಿಗೆ ಹೊಸ ಹುಚ್ಚು: ಉಣ್ಣೆ ನೂಲಿನ ಒಂದೇ ಲಡಿಯ ಅರ್ಧ ಕೆಂಪು, ಅರ್ಧ ನೇರಳೆ. ನೇಯುತ್ತ ಹೋದರೆ ನೂಲು ಬದಲಿಸದೆಯೇ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ತಾನೇ ಬೀಳಬೇಕು. ಕಳ್ಳಿಯ ಹುಳ ಅರೆದು ಕುದಿಸಿದ ಕೆಂಪಿನಲ್ಲಿ ಇಡೀ ಲಡಿ ಅದ್ದಿ, ಅರ್ಧವನ್ನು ಮಾತ್ರ ಬೂದಿನೀರಿಗೆ ಇಳಿಬಿಟ್ಟಳು. ಬೂದಿ ಸೋಕಿದರೆ ಆ ಕೆಂಪು ನೇರಳೆಯಾಗುತ್ತದೆ. ಒಂದೇ ಹಿಡಿ ಬೂದಿಗೆ ಆಗಿಯೂ ಬಿಟ್ಟಿತು.

"ಇನ್ನೂ ಕೆಂಪಾಗೇ ಇದೆ ಅಲ್ವೇನೇ?" ಲಡಿಯನ್ನು ಮೂಗಿನ ಹತ್ತಿರ ಹಿಡಿದು ಚಿಕ್ಕಮ್ಮ ಕೇಳಿದಳು. ಕಣ್ಣುಗಳ ಮೇಲೆ ತೆಳ್ಳಗೆ ಪೊರೆ.

"ಹೂಂ," ಅಂದಳು ಬಿಬಿಯಾನಾ.

ಇನ್ನೊಂದು ಹಿಡಿ ಬಿತ್ತು. ಮತ್ತೆ ಪ್ರಶ್ನೆ, ಮತ್ತೆ ಹೂಂ. ಹೀಗೆ ಐದು ಹಿಡಿ. ಬೂದಿ ಹೆಚ್ಚಾದರೆ ಉಣ್ಣೆ ಬೆಂದುಹೋಗುತ್ತದೆಂದು ಕಲಿಸಿದವಳೇ ಚಿಕ್ಕಮ್ಮ.

ಈಗ ಬಿಬಿಯಾನಾ ನೇಯಲು ಕೂತರೆ ಆ ನೂಲು ಮಗ್ಗದ ಮೇಲೆ ಪಟಪಟ ಹರಿಯುತ್ತಿದೆ. ಕೆಂಪಿರುವಷ್ಟು ದೂರ ಗಟ್ಟಿ, ನೇರಳೆ ಬಂದಲ್ಲೆಲ್ಲ ಒಣಹುಲ್ಲು.

"ಪೆನ್ನು ಹಿಡಿದ ಕೈ ನೋಡು! ಕತ್ತೆ ಹಗ್ಗ ಎಳೆದ ಹಾಗೆ ಎಳೀತೀಯಲ್ಲೇ!" ಚಿಕ್ಕಮ್ಮ ರೇಗಿದಳು.

ಗೋಡೆಯಾಚೆಯಿಂದ ನೆರೆಮನೆಯ ಡೆಲ್ಫಿನಾ ಕೂಗಿದಳು: "ಬೈಬೇಡ ಕಣೇ ಒತಿಲಿಯಾ, ಅದರ ಬದ್ಲು ಕತ್ತೇನೇ ಕೂರ್ಸು. ಎದುರು ಮಾತಾಡಲ್ಲ."

"ಇವ್ಳೂ ಆಡಲ್ವಲ್ಲ, ಅದೇ ಕಷ್ಟ," ಅಂದಳು ಚಿಕ್ಕಮ್ಮ.

ಬಿಬಿಯಾನಾ ಎಳೆಗಳ ತುದಿಗೆ ಎಂಜಲು ಹಚ್ಚಿ ಹೊಸೆದಳು. ಹರಿಯಿತು. ಮತ್ತೆ ಹೊಸೆದಳು. ಕೈಗಳು ಬೇರೆ ಯಾರವೋ ಎಂಬಂತೆ ನೋಡುತ್ತ ಕೂತಳು.

ಚಿಕ್ಕಮ್ಮ ಎದ್ದಳು. "ಬಿಡು, ಕಿತ್ತಾಕು. ನಿನ್ ಚಿಕ್ಕಪ್ಪ ಬೆಟ್ಟದೂರಿಂದ ಹೊತ್ಕೊಂಡು ಬಂದಿದ್ದ ಉಣ್ಣೇಲಿ ಇನ್ನು ನಾಲ್ಕು ಲಡಿ ಇದೆ. ಅಷ್ಟೇ ಉಳಿದಿರೋದು. ಅದನ್ನೇ ಅದ್ದೋಣ. ಆವತ್ತಿನ ಬೂದಿ ಸಪ್ಪೆ, ಅದಕ್ಕೇ ಬಣ್ಣ ಹಿಡೀಲಿಲ್ಲ."

ನಾಲ್ಕೂ ಲಡಿ ಕೆಂಪಾದವು. ಒಂದೊಂದರ ಅರ್ಧವೂ ಬೂದಿನೀರಿಗಿಳಿಯಿತು. ಬಿಬಿಯಾನಾ ಕೋಲು ಹಿಡಿದು ನಿಂತಿದ್ದಳು. ಕಣ್ಣೆದುರೇ ಕೆಂಪು ಮಸುಕಾಗಿ, ಬದನೆಕಾಯಿಯ ಸಿಪ್ಪೆಯಂಥ ನೇರಳೆಯಾಯಿತು. ಚೆನ್ನಾಗಿತ್ತು. ಚೆನ್ನಾಗಿದೆ ಎಂಬುದು ಗೊತ್ತಾಯಿತೇ ಹೊರತು ಖುಷಿಯೇನೂ ಆಗಲಿಲ್ಲ.

ಚಿಕ್ಕಮ್ಮ ಬಗ್ಗಿ ನೋಡಿದಳು. "ಥೂ, ಇನ್ನೂ ಕೆಂಪೇ. ಅಲ್ವೇನೇ?" ಎರಡನೆಯ ಹಿಡಿ ಹಂಡೆಯ ಮೇಲೆ ಬಂತು. ಬೆರಳ ಸಂದಿಯಿಂದ ಒಂದಿಷ್ಟು ಬೂದಿ ಆಗಲೇ ಉದುರುತ್ತಿತ್ತು.

ಹೂಂ ಎಂಬುದು ತುಟಿಗೆ ಬಂದು ನಿಂತಿತ್ತು. ಬಿಬಿಯಾನಾ ಕೋಲು ಬಿಟ್ಟು ಆ ಮುಷ್ಟಿಯನ್ನು ಹಿಡಿದುಕೊಂಡಳು.

"ಇಲ್ಲ ಚಿಕ್ಕಮ್ಮ. ನೇರಳೆ ಆಗೋಗಿದೆ. ಹೋದ್ಸಲಾನೂ ಒಂದೇ ಹಿಡಿಗೆ ಆಗಿತ್ತು. ನಿಮ್ ಕಣ್ಣಿಗೆ ಕಾಣ್ತಿಲ್ಲ."