ಲ್ಯಾಮಿನೇಟ್ ಮಾಡಿದ ವಕಾಲತ್ತು

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಬಾಗಿಲಿಗೆ ಅಂಟಿಸಿದ ಬ್ಯಾಂಕಿನ ನೋಟಿಸಿನಿಂದ ಎಂದರೆ ನೀವು ಪುಟ ತಿರುಗಿಸುತ್ತೀರಿ. ನೋಟಿಸು ಬಂದವರೇ ಅದನ್ನು ಪೂರ್ತಿ ಓದುವುದಿಲ್ಲ, ನಿಮಗೇನು ಕರ್ಮ! ವಿಷಯ ಇಷ್ಟೇ: ಸಾಲದ ಕಂತು ಕಟ್ಟಿಲ್ಲ, ಸೋಮವಾರ ಮನೆಗೆ ಬೀಗ. ಶುಕ್ರವಾರದೊಳಗೆ ಕೋರ್ಟಿಗೆ ಅರ್ಜಿ ಹಾಕಿದರೆ ತಡೆ ಸಿಗಬಹುದು. ಅದಕ್ಕೊಬ್ಬ ವಕೀಲರು ಬೇಕು. ಮನೆ ನನ್ನ ಅಕ್ಕನದು.

೧

ಅಕ್ಕನಿಗೊಂದು ಜೆರಾಕ್ಸ್ ಅಂಗಡಿಯಿದೆ, ಅದರಲ್ಲೊಂದು ಲ್ಯಾಮಿನೇಷನ್ ಮೆಷಿನ್ನು. ಅವಳ ಲೆಕ್ಕದಲ್ಲಿ ಜಗತ್ತಿನ ಕಾಗದಗಳು ಎರಡೇ ಬಗೆ: ಲ್ಯಾಮಿನೇಟ್ ಆದದ್ದು, ಆಗಬೇಕಾದದ್ದು. ಅಪ್ಪನ ಮರಣಪತ್ರ, ಮಗಳ ಅಂಕಪಟ್ಟಿ, ಕೆಟ್ಟುಹೋದ ಮಿಕ್ಸಿಯ ವಾರಂಟಿ ಕಾರ್ಡು, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ ಬೆಚ್ಚಗಿವೆ.

೨ (ಹರಿದುಹಾಕಿದ ಡ್ರಾಫ್ಟ್)

ಬೆಳ್ಳಿಗೂದಲಿನ ವಕೀಲರು ಎದ್ದು ನಿಂತು, "ತಾಯಿ, ನಿಮ್ಮ ಕೇಸು ನನ್ನದು" ಎಂದರು.

(ಇಂಥವರು ಸಿನಿಮಾದಲ್ಲಿ ಸಿಗುತ್ತಾರೆ. ಟಿಕೆಟ್ಟಿಗೆ ದುಡ್ಡಿಲ್ಲ.)

೩

ನಿಜದಲ್ಲಿ ಮೊದಲನೆಯವರು ಫೀಸು ಹೇಳಿ ಗಡಿಯಾರ ನೋಡಿದರು. ಎರಡನೆಯವರು ಫೈಲನ್ನೆಲ್ಲ ಓದಿ, ಟೀ ತರಿಸಿ ಕುಡಿಸಿ, ಕೊನೆಗೆ, "ಅಯ್ಯೋ, ಈ ಬ್ಯಾಂಕಿನ ಕೇಸು ನೋಡೋದೂ ನಾನೇ ಅಲ್ವಾಮ್ಮಾ" ಎಂದರು. ಮೂರನೆಯವರು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದ ಹುಡುಗಿ, ಹೊಸ ವಕೀಲೆ. ಎರಡು ಗಂಟೆ ಓದಿ ಒಂದು ಫಾರಂ ಕೊಟ್ಟಳು.

"ಇದು ವಕಾಲತ್ತು, ಅಮ್ಮಾ. ನಿಮ್ಮ ಪರವಾಗಿ ವಾದ ಮಾಡೋಕೆ ನನಗೆ ಅಧಿಕಾರ ಕೊಡೋ ಕಾಗದ. ಮನೆ ನಿಮ್ಮ ಯಜಮಾನರ ಹೆಸರಲ್ಲಿದೆ, ಅವರ ಸಹಿ ಹಾಕಿಸ್ಕೊಂಡು ಶುಕ್ರವಾರ ಸೀದಾ ಕೋರ್ಟಿಗೆ ಬನ್ನಿ. ಜೋಪಾನ, ಮುದುಡಿಸಬೇಡಿ."

ಭಾವ ಲಾರಿ ಡ್ರೈವರ್. ಗುರುವಾರ ಸಹಿ ಹಾಕಿ ಲೋಡು ಹೊಡೆಯಲು ಹೋದರು. ಅಕ್ಕ ಆ ಕಾಗದವನ್ನು ಜೋಪಾನ ಮಾಡಿದಳು. ಹೇಗೆ ಅಂತ ನಿಮಗೆ ಗೊತ್ತಾಗಿದೆ.

೪

"ಇದರ ಮೇಲೆ ಸ್ಟಾಂಪ್ ಎಲ್ಲಿ ಅಂಟಿಸೋದು, ಸೀಲು ಎಲ್ಲಿ ಒತ್ತೋದು?" ಎಂದ ಕೋರ್ಟಿನ ಗುಮಾಸ್ತ ವಕಾಲತ್ತನ್ನು ಬೆಳಕಿಗೆ ಹಿಡಿದು ನಕ್ಕ. ಹಿಂದೆ ನಿಂತಿದ್ದವರೂ ನಕ್ಕರು. ಹೊಸ ಫಾರಂ ಇತ್ತು, ಸಹಿ ಹಾಕಬೇಕಾದವರು ಆರುನೂರು ಕಿಲೋಮೀಟರ್ ದೂರದಲ್ಲಿದ್ದರು. ಸಂಜೆ ಕೌಂಟರ್ ಮುಚ್ಚಿತು. ಸೋಮವಾರ ಬೆಳಿಗ್ಗೆ ಇನ್ನೊಮ್ಮೆ ಪ್ರಯತ್ನಿಸೋಣ ಎಂದ ವಕೀಲೆ, ಫೀಸನ್ನು ಮಾತ್ರ ಮುಟ್ಟಲಿಲ್ಲ.

೫

ಇಂದು ಶನಿವಾರ. ಅಕ್ಕನ ಅಂಗಡಿಯ ಸ್ಟೂಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳು ಹೆಗಲ ಮೇಲಿಂದ ಇಣುಕಿ ಓದುತ್ತಿದ್ದಾಳೆ.

ಮುಕ್ತಾಯ ಒಂದು: ಗುಮಾಸ್ತ ಪ್ಲಾಸ್ಟಿಕ್ಕನ್ನು ಮೆಲ್ಲಗೆ ಬಿಡಿಸಿ ಸೀಲು ಒತ್ತುತ್ತಾನೆ.

"ಕೀಳೋಕೆ ಬರಲ್ಲ ಕಣೋ. ನನ್ನ ಅಂಗಡಿ ಗ್ಯಾರಂಟಿನೇ ಅದು."

ಮುಕ್ತಾಯ ಎರಡು: ಭಾವ ರಾತ್ರಿಯಿಡೀ ಲಾರಿ ಓಡಿಸಿ ಬರುತ್ತಾರೆ, ಬೀಗ ಬೀಳುವ ಮೊದಲೇ ತಡೆಯಾಜ್ಞೆ ಸಿಗುತ್ತದೆ.

"ಬರೀತೀಯ, ನಿನಗೇನು. ನಿದ್ದೆಗೆಟ್ಟು ಓಡಿಸೋರು ಅವರು." ಪುಟಗಳನ್ನು ಮೊದಲಿನಿಂದ ತಿರುವಿ ನೋಡಿ ಅವಳೇ ಕೇಳಿದಳು, "ಅಲ್ಲಾ, ನನ್ನ ಪೆದ್ದುತನ ಎಲ್ಲಾ ಬರೆದಿದ್ದೀಯ. ಸಾಲ ಯಾತಕ್ಕೆ ಮಾಡಿದ್ದು ಅಂತ ಎಲ್ಲೂ ಇಲ್ವಲ್ಲೋ?"

(ಓದುಗರೇ, ಮೊದಲ ಡ್ರಾಫ್ಟಿನಲ್ಲಿ ಲಾರಿಗಾಗಿ ಎಂದು ಬರೆದಿದ್ದೆ. ಹೊಡೆದುಹಾಕಿದೆ. ಸಾಲ ನನ್ನ ಪ್ರಕಾಶನಕ್ಕೆ. ಮನೆಪತ್ರ ಅಡವಿಟ್ಟವರು ಭಾವ, ಇಡಿಸಿದವಳು ಅಕ್ಕ, ಅಚ್ಚಾದದ್ದು ನನ್ನದೇ ನಾಲ್ಕು ಪುಸ್ತಕ. ಅಕ್ಕ ವಕೀಲರ ಮೆಟ್ಟಿಲು ಹತ್ತಿಳಿಯುವಾಗ ನಾನು ಜೊತೆಗೆ ಹೋಗಲಿಲ್ಲ. ಐದನೆಯದನ್ನು ಬರೆಯುತ್ತಿದ್ದೆ. ನಾಚಿಕೆಯಾಗುತ್ತಿದೆ.)

ಮುಕ್ತಾಯ ಮೂರು ಎಂದು ಬರೆದು ಪೆನ್ನು ಹಿಡಿದು ಕೂತೆ. ಅಕ್ಕ ಮೆಷಿನ್ನಿನ ಸ್ವಿಚ್ ಆರಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅದಿರಲಿ. ಮನೆ ಅಟ್ಟದ ಮೇಲೆ ನಿನ್ನ ಪುಸ್ತಕದ ಕಟ್ಟು ಇವೆಯಲ್ಲ, ಇನ್ನೂ ಬಿಚ್ಚೇ ಇಲ್ಲ. ಸೋಮವಾರದೊಳಗೆ ಅವನ್ನ ಎಲ್ಲಿಡೋಣ ಹೇಳು?"