ಗಿಟಾರ್ ಪೆಟ್ಟಿಗೆಗೆ ಸೀಲು

ಅನುಮಾನ ಪಡುವುದೇ ಅವನ ಕಸುಬು. ವಿದ್ಯುತ್ ಕಚೇರಿಯಲ್ಲಿ ಮೀಟರ್ ತಪಾಸಣೆ ಮಾಡುವವನು. ಮನೆಮನೆಗೆ ಹೋಗಿ, ಯಾರಾದರೂ ಮೀಟರಿನ ಒಳಗೆ ಕೈಯಾಡಿಸಿ ಕರೆಂಟು ಕದ್ದಿದ್ದಾರಾ ಅಂತ ನೋಡಬೇಕು. ಎಲ್ಲ ಸರಿಯಿದ್ದರೆ ಸಣ್ಣ ತಂತಿ ಪೋಣಿಸಿ, ಅದರ ತುದಿಗೆ ಸೀಸದ ಗುಂಡಿ ಸೇರಿಸಿ, ಇಕ್ಕಳದಿಂದ ಟಕ್ ಅಂತ ಮುದ್ರೆ ಒತ್ತಿ ಬರಬೇಕು. ಕಚೇರಿಯವರು ಅವನಿಗೆ ಇಟ್ಟ ಹೆಸರು ಸೀಲಪ್ಪ. ಬಾಗಿಲಲ್ಲಿ ನಗುನಗುತ್ತಾ ಬರಮಾಡಿಕೊಂಡವರ ಮೀಟರನ್ನು ಅವನು ಎರಡು ಸಲ ನೋಡುತ್ತಿದ್ದ.

ಇಂಥವನಿಗೆ ತಲೆಗೂದಲು ನರೆಯುವ ಹೊತ್ತಿಗೆ ಗಿಟಾರ್ ಕಲಿಯುವ ಹುಚ್ಚು ಹಿಡಿಯಿತು. ಕಾಲೇಜಿನ ದಿನಗಳ ಆಸೆಯಂತೆ. ಮೇಷ್ಟ್ರ ಹತ್ತಿರ ಹೋಗಿ ಕಲಿಯಪ್ಪಾ ಅಂದರೆ, ಅವರು ನಿಧಾನಕ್ಕೆ ಕಲಿಸಿ ಫೀಸು ಎಳೀತಾರೆ ಅಂತ ಅಲ್ಲೂ ಅನುಮಾನ! ಹೊಸ ಗಿಟಾರ್ ತಂದ, ಗಟ್ಟಿ ಪೆಟ್ಟಿಗೆ ಸಮೇತ. ಸಂಜೆ ಕಚೇರಿಯಿಂದ ಬಂದವನೇ ಫೋನನ್ನು ಗೋಡೆಗೆ ಒರಗಿಸಿ, ಅದರಲ್ಲಿ ಯಾರೋ ಹೇಳಿಕೊಟ್ಟಂತೆ ಬೆರಳಿಟ್ಟು ಕೂರುತ್ತಿದ್ದ. ಎಡಗೈ ಬೆರಳ ತುದಿಗಳು ಕೆಂಪಗೆ ಊದಿಕೊಂಡವು. ಊಟದ ಹೊತ್ತಿಗೆ ತಟ್ಟೆ ಹಿಡಿಯಲಾರದೆ ಮುಲುಗುತ್ತಿದ್ದ.

"ಯಾರು ಹೇಳಿದ್ರು ಈ ಸುಖ ಪಡಿ ಅಂತ?" ಅನ್ನುತ್ತಿದ್ದಳು ಹೆಂಡತಿ.

ಬೆರಳು ಉರಿದರೆ ಸಹಿಸಬಹುದಿತ್ತು. ಅವನ ತಲೆ ಕೆಡಿಸಿದ್ದು ಬೇರೆ. ದಿನಾ ಸಂಜೆ ಫೋನಿನಲ್ಲಿ ಶ್ರುತಿ ತೋರಿಸುವ ಮುಳ್ಳು ಹಸಿರಿಗೆ ಬರುವ ತನಕ ಬಿರಡೆ ತಿರುಗಿಸಿ ಶ್ರುತಿ ಸೇರಿಸುತ್ತಿದ್ದ. ಮರುದಿನ ಪೆಟ್ಟಿಗೆ ತೆರೆದು ಮೀಟಿದರೆ ತಂತಿಗಳೆಲ್ಲ ಸಡಿಲ. ಅದೂ ಒಂದೊಂದು ಒಂದೊಂದು ರೀತಿ. ಮತ್ತೆ ಸೇರಿಸಿದ, ಮರುದಿನ ಮತ್ತೆ ಅದೇ ಹಾಡು. ತಿರುಗಿಸಿ ಬಿಟ್ಟ ಬಿರಡೆ ತಾನಾಗೇ ಹಿಂದಕ್ಕೆ ತಿರುಗುತ್ತದೆಯೇ? ಮೀಟರ್ ತಾನಾಗೇ ಹಿಂದಕ್ಕೆ ಓಡಿತು ಅಂದ ಎಷ್ಟು ಜನರನ್ನು ಅವನು ಕಂಡಿಲ್ಲ! ಯಾರೋ ಕೈಯಾಡಿಸುತ್ತಿದ್ದಾರೆ.

ಯಾರು? ಹೆಂಡತಿ ಬೆಳಿಗ್ಗೆ ಅವನಿಗಿಂತ ಮುಂಚೆ ಅಂಗಡಿ ಕೆಲಸಕ್ಕೆ ಹೋದರೆ ಅವನು ಬಂದ ಮೇಲೇ ಬರುವವಳು. ಹಗಲೆಲ್ಲ ಮನೆಯಲ್ಲಿ ಇರುವವಳು ಅಕ್ಕ ಒಬ್ಬಳೇ.

ಅಕ್ಕ ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ. ಹಗಲು ಮಲಗಿ, ಸಂಜೆ ಇನ್ನೊಂದು ಕಣ್ಣು ನಿದ್ದೆ ತೆಗೆದು ಡ್ಯೂಟಿಗೆ ಹೋಗಬೇಕು. ಅವಳು ಕಣ್ಣು ಮುಚ್ಚುವುದಕ್ಕೂ ಪಕ್ಕದ ಕೋಣೆಯಲ್ಲಿ ಇವನು ಟೊಂಯ್ ಅನ್ನಿಸುವುದಕ್ಕೂ ಸರಿಹೋಗುತ್ತಿತ್ತು. "ನಿನ್ನ ತಂತಿಗಿಂತ ನಮ್ಮ ವಾರ್ಡಿನ ರೋಗಿಗಳು ಇಂಪಾಗಿ ನರಳ್ತಾರೆ ಕಣೋ" ಅಂತ ಒಮ್ಮೆ ಅಂದಿದ್ದಳು. ಆಗ ನಕ್ಕಿದ್ದ. ಈಗ ಅದೇ ಮಾತು ಸಾಕ್ಷಿಯಾಯಿತು. ತಾಯಿ ಹೋದ ಮೇಲೆ ತನ್ನ ಮದುವೆಯ ಮಾತನ್ನೇ ಮರೆತು ಇವನನ್ನು ಸಾಕಿದವಳು ಇವಳೇ ಅನ್ನುವುದು ಆ ಹೊತ್ತಿಗೆ ನೆನಪಾಗಲಿಲ್ಲ. ಅನುಮಾನದ ಹುಳ ತಲೆಗೆ ಹೊಕ್ಕರೆ ಇದೇ ಕತೆ.

ಮರುದಿನ ಹೊರಡುವ ಮುಂಚೆ ಪೆಟ್ಟಿಗೆಯ ಮುಚ್ಚಳಕ್ಕೂ ತಳಕ್ಕೂ ಸೇರಿಸಿ ಒಂದು ಕಪ್ಪು ದಾರ ಅಂಟಿಸಿ ಹೋದ. ಸಂಜೆ ಬಂದು ನೋಡಿದರೆ ದಾರ ಕಿತ್ತುಬಂದಿತ್ತು. ಎಷ್ಟು ಹಿಗ್ಗಿದ ಅಂತೀರಿ, ಕಳ್ಳ ಸಿಕ್ಕಿದ ಹಿಗ್ಗು. ಮುಚ್ಚಳ ತೆಗೆದು ಆರು ತಂತಿಯನ್ನೂ ಮೀಟಿದ. ಸಡಿಲ! ಬೇರೆ ಏನನ್ನೂ ನೋಡದೆ ಮುಚ್ಚಿದ.

ಅಕ್ಕ ಡ್ಯೂಟಿಗೆ ಹೊರಡುವ ಮುಂಚೆ ಊಟಕ್ಕೆ ಕೂತಿದ್ದಳು.

"ನನ್ನ ಪೆಟ್ಟಿಗೆ ತೆಗೆದಿದ್ದೆಯಾ?" ಅಂದ.

"ತೆಗೆದಿದ್ದೆ."

"ದಿನಾ ಬಿರಡೆ ಸಡಿಲ ಮಾಡ್ತಿರೋಳು ನೀನೇ ಹಾಗಾದ್ರೆ."

ಅಕ್ಕ ತುತ್ತು ಕೆಳಗಿಟ್ಟಳು. "ತಂತಿ ಮುಟ್ಟಿಲ್ಲ ನಾನು. ಪೆಟ್ಟಿಗೆ ಪೂರ್ತಿ ನೋಡಿದ್ದಿದ್ರೆ ನೀನು ಹೀಗೆ ಕೇಳ್ತಿರಲಿಲ್ಲ."

"ನೋಡೋದು ನನ್ನ ಕೆಲಸ. ಅದನ್ನ ನೀನು ಹೇಳಿಕೊಡಬೇಡ. ನಿದ್ದೆ ಕೆಡತ್ತೆ ಅಂತ ಬಾಯಿಬಿಟ್ಟು ಹೇಳಬಹುದಿತ್ತು, ಹಿಂದಿನಿಂದ ಯಾಕೆ?"

"ರೀ, ಸುಮ್ಮನಿರ್ರೀ," ಅಂದಳು ಹೆಂಡತಿ.

ಸುಮ್ಮನಿರುವ ಆಸಾಮಿಯೇ? ಕೆಲಸದ ಚೀಲದಿಂದ ಇಕ್ಕಳ, ತಂತಿ, ಸೀಸದ ಗುಂಡಿ ತಂದ. ಪೆಟ್ಟಿಗೆಯನ್ನು ಊಟದ ಮೇಜಿನ ಪಕ್ಕಕ್ಕೇ ಎಳೆದುಕೊಂಡ. ಗಿಟಾರನ್ನು ಶ್ರುತಿಗೆ ಸೇರಿಸಿ ಒಳಗಿಟ್ಟು, ಕೊಂಡಿಗಳ ನಡುವೆ ತಂತಿ ಪೋಣಿಸಿ, ಅಕ್ಕನ ಕಣ್ಣೆದುರಿಗೇ ಟಕ್ ಅಂತ ಮುದ್ರೆ ಒತ್ತಿದ.

"ಅತ್ತಿಗೆ, ಇವರ ಮಾತು ಮನಸ್ಸಿಗೆ ಹಚ್ಕೋಬೇಡಿ," ಅಂದಳು ಹೆಂಡತಿ. ಅಕ್ಕ ಉಳಿದ ಅನ್ನವನ್ನು ಮುಚ್ಚಿಟ್ಟು, ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಅವಳು ಊಟ ಬಿಟ್ಟು ಎದ್ದದ್ದನ್ನು ಅವನು ಅದೇ ಮೊದಲು ನೋಡಿದ್ದು.

ಬೆಳಿಗ್ಗೆ ಭಾನುವಾರ. ಅಕ್ಕ ಡ್ಯೂಟಿ ಮುಗಿಸಿ ಬಂದವಳು ಮಲಗಲಿಲ್ಲ. ಕೋಣೆಯಲ್ಲಿ ಬೀರು ತೆರೆಯುವ, ಮುಚ್ಚುವ ಸದ್ದು. "ಆಸ್ಪತ್ರೆ ಹಾಸ್ಟೆಲ್ಲಿನಲ್ಲಿ ಒಂದು ಕೋಣೆ ಖಾಲಿ ಇದೆಯಂತೆ, ಹೊರಟಿದ್ದಾರೆ," ಅಂತ ಹೆಂಡತಿ ಬಂದು ಹೇಳಿದಳು. ಅದನ್ನು ಕೇಳಿಯೂ ಅವನು ಮೊದಲು ಹೋಗಿದ್ದು ಪೆಟ್ಟಿಗೆಯ ಹತ್ತಿರವೇ, ಹುಟ್ಟುಗುಣ ನೋಡಿ. ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದ. ಗೀಚಿಲ್ಲ, ಎಳೆದಿಲ್ಲ. ಸೀಲಿನ ತಂತಿ ಕತ್ತರಿಸಿ ಮುಚ್ಚಳ ತೆಗೆದು ಮೀಟಿದ.

ಸಡಿಲ. ಎಂದಿನಷ್ಟೇ ಸಡಿಲ!

ಗಿಟಾರ್ ಅಂಗಡಿಯವನಿಗೆ ಫೋನ್ ಮಾಡಿದ. ಅವನು ಆಕಳಿಸುತ್ತಲೇ ಹೇಳಿದ: "ಹೊಸ ನೈಲಾನ್ ತಂತಿ ಸಾರ್, ಕೆಲವು ದಿನ ಎಳ್ಕೊಂಡು ಸಡಿಲ ಆಗ್ತಾನೇ ಇರತ್ತೆ. ದಿನಾ ಸೇರಿಸ್ತಾ ಇರಿ, ಆಮೇಲೆ ತಾನಾಗೇ ನಿಲ್ಲತ್ತೆ. ಕಲಿಯೋರಿಗೆಲ್ಲ ಗೊತ್ತಿರತ್ತಲ್ಲ ಅಂತ ಹೇಳಲಿಲ್ಲ."

ಹಾಗಾದರೆ ದಾರ ಕಿತ್ತಿದ್ದು? ಪೆಟ್ಟಿಗೆಯೊಳಗೆ, ಗಿಟಾರಿನ ಕುತ್ತಿಗೆ ಒರಗುವ ಕಡೆ, ಕೆಳಗೆ, ಸಾಮಾನಿಡುವ ಒಂದು ಸಣ್ಣ ಗೂಡಿತ್ತು. ಅವನು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ತೆರೆದ. ಮುಲಾಮಿನ ಡಬ್ಬಿ. ಅದಕ್ಕೆ ಅಂಟಿಸಿದ್ದ ಆಸ್ಪತ್ರೆಯ ಬಿಳಿ ಪಟ್ಟಿಯ ಮೇಲೆ ಅಕ್ಕನ ಕೈಬರಹ: 'ಮಲಗುವಾಗ ಬೆರಳಿಗೆ.' ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಡಬ್ಬಿ ಹಿಡಿದು ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತ. ಅವಳು ಬಟ್ಟೆ ಮಡಚುತ್ತಿದ್ದಳು.

"ಅಕ್ಕಾ, ತಂತಿ ತಾನಾಗೇ ಸಡಿಲ ಆಗತ್ತಂತೆ."

"ಹೂಂ."

"ತಪ್ಪಾಯ್ತು. ಹೋಗಬೇಡ."

ಅಕ್ಕ ಡಬ್ಬಿ ತೆಗೆದುಕೊಂಡಳು. ಮಂಚದ ಮೇಲೆ ಕೂರಿಸಿ, ಅವನ ಎಡಗೈ ಎಳೆದುಕೊಂಡು, ಒಂದೊಂದೇ ಬೆರಳಿಗೆ ಮುಲಾಮು ಹಚ್ಚಿದಳು, ಚಿಕ್ಕಂದಿನಲ್ಲಿ ಅವನ ಗಾಯಕ್ಕೆ ಹಚ್ಚುತ್ತಿದ್ದಷ್ಟೇ ಮೆತ್ತಗೆ. ಎಲ್ಲ ಸರಿಹೋಯಿತು ಅಂದುಕೊಂಡ ಅವನು. ಹಚ್ಚಿ ಮುಗಿಸಿ ಅವಳು ತನ್ನ ಚೀಲವನ್ನು ಅವನ ಮುಂದಿಟ್ಟಳು.

"ಇದರ ಜಿಪ್ಪು ಕಿತ್ತುಹೋಗಿದೆ. ನಿನ್ನ ಹತ್ರ ಆ ಸೀಲಿನ ತಂತಿ ಉಳಿದಿದ್ರೆ ಕಟ್ಟಿಕೊಡು."

ಅವನು ಇಕ್ಕಳ, ಗುಂಡಿ ಸಮೇತ ತಂತಿ ತಂದು ಪೋಣಿಸಿದ. ಮುಲಾಮಿನ ಬೆರಳು ಜಾರುತ್ತಿತ್ತು. ಎರಡು ಸುತ್ತು ತಿರುಚಿ ಬಿಟ್ಟ.

"ಮುದ್ರೇನೂ ಒತ್ತು," ಅಂದಳು ಅಕ್ಕ. "ನಾಳೆ ಈ ಮನೇಲಿ ಏನಾದ್ರೂ ಕಾಣದೆ ಹೋದ್ರೆ ಮತ್ತೆ ನನ್ನ ಹೆಸರೇ ಬರತ್ತೆ."

ಅವನ ಕೈ ಏಳಲಿಲ್ಲ. ಅಕ್ಕ ಅವನ ಕೈಯಿಂದ ಇಕ್ಕಳ ತೆಗೆದುಕೊಂಡು, ಸೀಸದ ಗುಂಡಿ ಸೇರಿಸಿ, ತಾನೇ ಟಕ್ ಅಂತ ಒತ್ತಿದಳು. ಆಮೇಲೆ ಮುಲಾಮಿನ ಡಬ್ಬಿಯನ್ನು ಅವನ ಮಡಿಲಲ್ಲಿಟ್ಟು, ಚೀಲ ಎತ್ತಿಕೊಂಡು ಹೊರಟಳು.